ಹಾರುವ ಬೊಂಬೆಗೊಂದು ಕಾಲು

ಕಡ್ಡಿ ಮುರಿಯುವ ಜಾಗ ಬಹುಮಟ್ಟಿಗೆ ಒಂದೇ. ಪಾರದರ್ಶಕ ಪ್ಲಾಸ್ಟಿಕ್ಕಿನ ಆ ಪುಟ್ಟ ಕಂಬದ ತುದಿ ಸಣ್ಣದಾಗಿ ವಿಮಾನದ ಹೊಟ್ಟೆಯೊಳಗೆ ಸೇರಿಕೊಳ್ಳುವಲ್ಲಿ ಅದು ಮುರಿಯುತ್ತದೆ. ಯಾರದೋ ಅಂಗಿಯ ತೋಳು ತಗುಲಿ ಟಕ್ಕೆಂದು ಸದ್ದಾಗುತ್ತದೆ, ವಾರಗಟ್ಟಲೆ ಕೂತು ಬಣ್ಣ ಬಳಿದ ಯುದ್ಧವಿಮಾನ ಮೇಜಿನ ಮೇಲೆ ಮಗುಚಿ ಬೀಳುತ್ತದೆ. ಮುರಿದ ಚೂರು ವಿಮಾನದ ತೂತಿನಲ್ಲೇ ಕಚ್ಚಿಕೊಂಡು ಹೊಸ ಕಡ್ಡಿಗೂ ಜಾಗ ಬಿಡುವುದಿಲ್ಲ.

ಮೇಜಿನ ಮೇಲೆ ಆಡುವ ಯುದ್ಧದಾಟಗಳ ಜಗತ್ತಿನಲ್ಲಿ ಈ ಕಡ್ಡಿಗೆ ಫ್ಲೈಯಿಂಗ್ ಸ್ಟ್ಯಾಂಡ್ ಎನ್ನುತ್ತಾರೆ. ಬೆರಳುದ್ದದ ಸೈನಿಕರು, ಅಂಗೈಯಗಲದ ಟ್ಯಾಂಕುಗಳು, ದಾಳ, ಅಳತೆಪಟ್ಟಿ, ದಪ್ಪನೆಯ ನಿಯಮಪುಸ್ತಕ ಇವಿಷ್ಟಿದ್ದರೆ ಇಬ್ಬರು ಎದುರುಬದುರು ಕೂತು ಇಡೀ ಭಾನುವಾರ ಕಳೆಯಬಹುದು. ನಡೆಯುವ ಸೈನಿಕನಿಗೆ ಒಂದು ದುಂಡನೆಯ ಬಿಲ್ಲೆಯೇ ನೆಲ. ಹಾರುವ ವಿಮಾನ, ಡ್ರ್ಯಾಗನ್, ಬಾಹ್ಯಾಕಾಶ ನೌಕೆಗಳು ಮಾತ್ರ ನೆಲ ಮುಟ್ಟದೆ ನಿಂತಂತೆ ಕಾಣಬೇಕು. ಆಸರೆ ಕಣ್ಣಿಗೆ ಬೀಳಬಾರದು, ಬೊಂಬೆಯೂ ಬೀಳಬಾರದು. ತೆಳುವಾದಷ್ಟೂ ಮರೆಯಾಗುವ ಕಡ್ಡಿ ಅಷ್ಟೇ ಬೇಗ ಮುರಿಯುತ್ತದೆ. ಈ ಇಕ್ಕಟ್ಟಿನಿಂದಲೇ ಒಂದು ಪುಟ್ಟ ಕಸುಬು ಹುಟ್ಟಿಕೊಂಡಿದೆ.

ಇಂಥ ಆಟಗಳಿಗೆ ರಾಜಧಾನಿ ಎಂಬುದಿದ್ದರೆ ಅದು ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್. 1975ರಲ್ಲಿ ಲಂಡನ್ನಿನಲ್ಲಿ ಶುರುವಾದ ಗೇಮ್ಸ್ ವರ್ಕ್‌ಶಾಪ್ ಕಂಪನಿಯ ಮುಖ್ಯ ಕಚೇರಿ ಈಗ ಇಲ್ಲಿದೆ. 1983ರ ‘ವಾರ್‌ಹ್ಯಾಮರ್’, 1987ರ ‘ವಾರ್‌ಹ್ಯಾಮರ್ 40,000’ ಇವರದೇ. ವಾರ್‌ಲಾರ್ಡ್ ಗೇಮ್ಸ್, ಮ್ಯಾಂಟಿಕ್, ಪೆರ್ರಿ ಮಿನಿಯೇಚರ್ಸ್ ಕೂಡ ಇದೇ ಊರಿನ ಆಸುಪಾಸಿನವು. ಹವ್ಯಾಸಿಗಳು ಈ ಸೀಮೆಯನ್ನು ‘ಲೆಡ್ ಬೆಲ್ಟ್’ ಎಂದು ಕರೆಯುವುದುಂಟು. ಮೊದಲಿನ ಬೊಂಬೆಗಳನ್ನು ಸೀಸ ಬೆರೆತ ಲೋಹದಲ್ಲಿ ಎರಕ ಹೊಯ್ಯುತ್ತಿದ್ದುದೇ ಇದಕ್ಕೆ ಕಾರಣ.

ಕಡ್ಡಿಯ ಕಷ್ಟದ ಮೂಲವೂ ಆ ಲೋಹವೇ. 1990ರ ದಶಕದಲ್ಲಿ ತಯಾರಕರು ಸೀಸ ಬಿಟ್ಟು ತವರದ ಮಿಶ್ರಲೋಹಕ್ಕೆ ಹೊರಳಿದರು. ತವರ ನೀರಿನ ಏಳು ಪಟ್ಟಿಗಿಂತ ಹೆಚ್ಚು ಭಾರ, ಇಂದಿನ ಬೊಂಬೆಗಳ ಪಾಲಿಸ್ಟೈರೀನ್ ಪ್ಲಾಸ್ಟಿಕ್ ನೀರಿಗಿಂತ ಕೂದಲೆಳೆಯಷ್ಟು ಭಾರ. ಅದೇ ಗಾತ್ರದ ನೌಕೆಯನ್ನು ಲೋಹದಲ್ಲಿ ಎರೆದರೆ ಹೆಚ್ಚುಕಡಿಮೆ ಏಳು ಪಟ್ಟು ತೂಗುತ್ತದೆ. ಹೊರಬೇಕಾದ ಕಡ್ಡಿ ಮಾತ್ರ ಅದೇ ಪ್ಲಾಸ್ಟಿಕ್ಕಿನದು. 1999ರಲ್ಲಿ ಬಂದ ‘ಬ್ಯಾಟಲ್‌ಫ್ಲೀಟ್ ಗಾಥಿಕ್’ ಆಟದ ಲೋಹದ ನೌಕೆಗಳು ಇಂಥ ಕಡ್ಡಿಗಳ ಮೇಲೇ ನಿಂತವು. ಆ ಆಟವನ್ನು ಆಡಿದವರಲ್ಲಿ ಕಡ್ಡಿ ಮುರಿದುಕೊಳ್ಳದವರು ವಿರಳ.

ಮೇಜಿನ ಯುದ್ಧಕ್ಕೆ ಆಕಾಶವೆಂಬುದು ತಡವಾಗಿ ಸೇರಿದ ಸಂಗತಿ. ನಮ್ಮ ಚತುರಂಗದ ವಂಶದ ಚೆಸ್ ಆಟವನ್ನು ಹಿಗ್ಗಿಸಿ ಜರ್ಮನಿಯ ಬ್ರೌನ್‌ಷ್ವೈಗ್‌ನ ಯೋಹಾನ್ ಹೆಲ್‌ವಿಗ್ 1780ರಲ್ಲಿ ಸಾವಿರಕ್ಕೂ ಹೆಚ್ಚು ಮನೆಗಳ ಯುದ್ಧದಾಟ ಕಟ್ಟಿದ. 1824ರಲ್ಲಿ ರೈಸ್‌ವಿಟ್ಜ್ ಎಂಬ ಪ್ರಷ್ಯದ ಅಧಿಕಾರಿ ಅದೇ ಹಾದಿಯಲ್ಲಿ ಸೇನೆಗೆ ನಕ್ಷೆಯ ಮೇಲಿನ ಆಟ ಕೊಟ್ಟ. 1913ರ ‘ಲಿಟಲ್ ವಾರ್ಸ್’ ಪುಸ್ತಕದಲ್ಲಿ ಕಾದಂಬರಿಕಾರ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರನ್ನು ಮನೆಯ ನೆಲದ ಮೇಲೆ ಹರಡಿದ. ಎಲ್ಲವೂ ಚಪ್ಪಟೆ. 1960ರ ದಶಕದಲ್ಲಿ ಅಮೆರಿಕದ ಮೈಕ್ ಕಾರ್ ಮೊದಲ ಮಹಾಯುದ್ಧದ ವಿಮಾನಗಳ ಕಾಳಗವನ್ನು ಆಟವಾಗಿಸಿದಾಗ ಎತ್ತರದ ಲೆಕ್ಕ ಕಾಗದದ ಮೇಲಿತ್ತು. ಎತ್ತರವನ್ನು ಕಣ್ಣಾರೆ ಕಾಣಬೇಕೆಂದ ಹವ್ಯಾಸಿಗಳು ಏನೇನೋ ಉಪಾಯ ಹೂಡಿದರು. ಅದರಲ್ಲಿ ಸೊಗಸಾದದ್ದು ಟ್ರಾನ್ಸಿಸ್ಟರ್ ರೇಡಿಯೊದ ಆಂಟೆನಾ. ಎಳೆದರೆ ವಿಮಾನ ಮೇಲೇರುತ್ತದೆ, ಒತ್ತಿದರೆ ಇಳಿಯುತ್ತದೆ.

ಇನ್ನು ಕೈಕೆಲಸ. ಡಬ್ಬಿಯಲ್ಲಿ ಬಂದ ಕಡ್ಡಿಯನ್ನು ನೆಚ್ಚದವರು ಮೊದಲು ಮಾಡುವುದು ಪಿನ್ನಿಂಗ್, ಅಂದರೆ ಒಳಗೊಂದು ಲೋಹದ ತಂತಿ ಸೇರಿಸುವುದು. ಬೇಕಾಗುವ ಸಲಕರಣೆ ಪಿನ್ ವೈಸ್ ಎಂಬ, ಅಕ್ಕಸಾಲಿಗರ ಪೆಟ್ಟಿಗೆಯಲ್ಲೂ ಸಿಗುವಂಥ, ಬೆರಳಲ್ಲೇ ತಿರುಗಿಸುವ ಪುಟ್ಟ ಡ್ರಿಲ್. ಅದರ ಬಾಯಿಗೆ 1 ಮಿ.ಮೀ. ಬಿಟ್, ಜೊತೆಗೆ ಅಷ್ಟೇ ದಪ್ಪದ ಹಿತ್ತಾಳೆ ತಂತಿ. ತಂತಿ ಸಿಗದಿದ್ದರೆ ಕಾಗದಕ್ಕೆ ಸಿಕ್ಕಿಸುವ ಕ್ಲಿಪ್ಪನ್ನೇ ನೆಟ್ಟಗೆ ಮಾಡಿಕೊಂಡರೂ ನಡೆಯುತ್ತದೆ.

ಡ್ರಿಲ್ ಹಿಡಿಯುವ ಮೊದಲು ತೂಕದ ನಡುವನ್ನು ಹುಡುಕಬೇಕು. ಬಿಡಿಭಾಗಗಳನ್ನೆಲ್ಲ ಜೋಡಿಸಿದ ಮೇಲೆ ವಿಮಾನವನ್ನು ಒಂದು ಬೆರಳ ತುದಿಯ ಮೇಲೆ ಇಟ್ಟು, ಹಿಂದಕ್ಕೂ ಮುಂದಕ್ಕೂ ಸರಿಸುತ್ತ ಅದು ತೂಗಿ ನಿಲ್ಲುವ ಬಿಂದುವಿಗೆ ಪೆನ್ಸಿಲ್ ಗುರುತು ಹಾಕುತ್ತಾರೆ. ತಯಾರಕರು ಕೊಟ್ಟ ತೂತು ಎಷ್ಟೋ ಸಲ ಈ ಬಿಂದುವಿನಲ್ಲಿರುವುದಿಲ್ಲ. ಅದನ್ನೇ ನಂಬಿದರೆ ಮೂತಿ ಭಾರವಾಗಿ, ಯಾರೂ ಮುಟ್ಟದಿದ್ದರೂ ಹಗಲು ರಾತ್ರಿ ಕಡ್ಡಿಯನ್ನು ಒಂದೇ ಕಡೆಗೆ ಬಗ್ಗಿಸುತ್ತಿರುತ್ತದೆ. ಗುರುತಿನ ಮೇಲೆ ಸೂಜಿಯಿಂದ ಸಣ್ಣ ಕುಳಿ ಮಾಡಿದರೆ ಬಿಟ್ ಜಾರುವುದಿಲ್ಲ. ಕಡ್ಡಿ ಅಕ್ರಿಲಿಕ್ಕಿನದಾದರೆ ಅವಸರ ಸಲ್ಲದು, ಬಿಸಿಗೆ ಮೆತ್ತಗಾಗಿ ಬಿಟ್ ಸಿಕ್ಕಿಕೊಳ್ಳುತ್ತದೆ, ಒತ್ತಿದರೆ ಸೀಳುತ್ತದೆ. ಎರಡು ಸುತ್ತು ಮುಂದೆ, ಒಂದು ಸುತ್ತು ಹಿಂದೆ, ಪುಡಿ ಊದಿ ಮತ್ತೆ ಎರಡು ಸುತ್ತು. ಎರಡೂ ಕಡೆಯ ತೂತುಗಳು ಒಂದಕ್ಕೊಂದು ಸರಿಯಾಗಿ ಕೂರಬೇಕಾದರೆ, ಮೊದಲು ಕೂರಿಸಿದ ತಂತಿಯ ತುದಿಗೆ ಒಂದು ಚುಕ್ಕೆ ಬಣ್ಣ ಹಚ್ಚಿ ಇನ್ನೊಂದು ಭಾಗಕ್ಕೆ ಒತ್ತುತ್ತಾರೆ. ಬಣ್ಣ ಅಂಟಿದ ಕಡೆ ಎರಡನೆಯ ತೂತು.

ಅಂಟಿನ ವಿಷಯದಲ್ಲಿ ಹೊಸಬರು ಕೈ ಸುಟ್ಟುಕೊಳ್ಳುವುದು ಸೂಪರ್‌ಗ್ಲೂನಿಂದ. ನಮ್ಮಲ್ಲಿ ಫೆವಿಕ್ವಿಕ್ ಎಂದರೆ ಎಲ್ಲರಿಗೂ ಗೊತ್ತಾಗುವ ಈ ಅಂಟು ಸಯನೊಅಕ್ರಿಲೇಟ್ ಎಂಬ ರಾಸಾಯನಿಕ. ಅಮೆರಿಕದ ಹ್ಯಾರಿ ಕೂವರ್ 1942ರಲ್ಲಿ ಬಂದೂಕಿನ ಗುರಿಗಾಜಿಗೆಂದು ಪಾರದರ್ಶಕ ಪ್ಲಾಸ್ಟಿಕ್ ಹುಡುಕುವಾಗ ಎದುರಾದದ್ದು, 1958ರಲ್ಲಿ ಮಾರುಕಟ್ಟೆಗೆ ಬಂತು. ಗಾಳಿಯ ತೇವದಿಂದಲೇ ಗಟ್ಟಿಯಾಗುತ್ತದೆ. ಆದರೆ ಅದರ ಆವಿ ಪಕ್ಕದ ಮೇಲ್ಮೈಯಲ್ಲಿ ಬಿಳಿ ಬೂದಿಯಂತೆ ಕೂತು, ಕಾಣಬಾರದೆಂದೇ ಪಾರದರ್ಶಕವಾಗಿ ಮಾಡಿದ ಕಡ್ಡಿಯನ್ನು ಮಂಕಾಗಿಸುತ್ತದೆ. ನೇರ ಎಳೆತಕ್ಕೆ ಜಗ್ಗದ ಈ ಅಂಟು ಪಕ್ಕದಿಂದ ಬಿದ್ದ ಪೆಟ್ಟಿಗೆ ತಟ್ಟನೆ ಬಿಟ್ಟುಕೊಡುತ್ತದೆ, ಅಂಗಿಯ ತೋಳು ಕೊಡುವುದು ಆ ಪೆಟ್ಟನ್ನೇ. ಹೀಗಾಗಿ ಭಾರದ ಬೊಂಬೆಗಳಿಗೆ ಅರಾಲ್ಡೈಟ್ ಜಾತಿಯ, ಎರಡು ಟ್ಯೂಬುಗಳಿಂದ ಬೆರೆಸುವ ಎಪಾಕ್ಸಿಯೇ ವಾಸಿ. ಮ್ಯಾಟ್ ವಾರ್ನಿಷ್ ಸ್ಪ್ರೇ ಹೊಡೆಯುವಾಗಲೂ ಕಡ್ಡಿಯನ್ನು ಬೇರೆ ತೆಗೆದಿಡದಿದ್ದರೆ ಅದು ಮಂಕಾಗುತ್ತದೆ.

ಮೇಲಿನ ಕೀಲು ಗಟ್ಟಿಯಾದ ಮೇಲೆ ಕಷ್ಟ ಬುಡಕ್ಕೆ ಇಳಿಯುತ್ತದೆ. ಒಟ್ಟು ಭಾರದ ಕೇಂದ್ರ 40 ಮಿ.ಮೀ. ಎತ್ತರದಲ್ಲಿದ್ದು ಬಿಲ್ಲೆಯ ಅಗಲ 32 ಮಿ.ಮೀ. ಇದ್ದರೆ, ಸುಮಾರು 22 ಡಿಗ್ರಿ ವಾಲಿದರೆ ಸಾಕು, ಇಡೀ ಬೊಂಬೆ ಉರುಳುತ್ತದೆ. ಬಿಲ್ಲೆ 60 ಮಿ.ಮೀ. ಆದರೆ 37 ಡಿಗ್ರಿವರೆಗೂ ತಡೆಯುತ್ತದೆ. ಬಿಲ್ಲೆ ಬದಲಿಸಲು ಒಪ್ಪದವರು ಅಡಿಯ ಟೊಳ್ಳಿಗೆ ಹಾರ್ಡ್‌ವೇರ್ ಅಂಗಡಿಯ ಉಕ್ಕಿನ ವಾಷರ್ ಅಂಟಿಸುತ್ತಾರೆ. ಅದರ ತೂಕಕ್ಕೆ ಭಾರದ ಕೇಂದ್ರ 25 ಮಿ.ಮೀ.ಗೆ ಇಳಿದರೆ ಅದೇ ಸಣ್ಣ ಬಿಲ್ಲೆ 32 ಡಿಗ್ರಿ ದಾಟುವವರೆಗೆ ಜಗ್ಗುವುದಿಲ್ಲ. ನಾಲ್ಕಾಣೆಯ ಖರ್ಚಿಗೆ ಇದಕ್ಕಿಂತ ಒಳ್ಳೆಯ ವಿಮೆ ಇಲ್ಲ.

ಇಷ್ಟೆಲ್ಲ ಗಟ್ಟಿ ಮಾಡಿದವರೂ ಕೊನೆಗೆ ಬಂದು ಸೇರುವುದು ಬಿಟ್ಟುಕೊಡುವ ಕೀಲಿಗೆ. ನಿಯೊಡೈಮಿಯಂ ಆಯಸ್ಕಾಂತವನ್ನು 1980ರ ದಶಕದ ಆರಂಭದಲ್ಲಿ ಜಪಾನಿನ ಸುಮಿಟೊಮೊ, ಅಮೆರಿಕದ ಜನರಲ್ ಮೋಟರ್ಸ್ ಬೇರೆಬೇರೆಯಾಗಿ ರೂಪಿಸಿದವು. ಈಗ ಅದರ ಅಕ್ಕಿಕಾಳಿನಷ್ಟು ಚೂರುಗಳು ಕೂಡ ಸುಲಭವಾಗಿ ಸಿಗುತ್ತವೆ. ವಿಮಾನದ ಹೊಟ್ಟೆಗೊಂದು, ಕಡ್ಡಿಯ ತಲೆಗೊಂದು. ಪೆಟ್ಟು ಬಿದ್ದರೆ ಎರಡೂ ಬೇರ್ಪಡುತ್ತವೆ, ಕಡ್ಡಿ ಉಳಿಯುತ್ತದೆ. ಆಟ ಮುಗಿದ ಮೇಲೆ ಕಳಚಿ ಫೋಮ್ ಹಾಸಿದ ಪೆಟ್ಟಿಗೆಯಲ್ಲಿ ಮಲಗಿಸಬಹುದು. ಕಡ್ಡಿಯ ತಲೆಗೆ ಉಕ್ಕಿನ ಗುಂಡು ಅಂಟಿಸಿ, ವಿಮಾನಕ್ಕೆ ನಡುವೆ ತೂತಿರುವ ಉಂಗುರದ ಆಯಸ್ಕಾಂತ ಕೂರಿಸಿದರೆ ರೆಕ್ಕೆ ಓರೆಯಾಗಿಸಿ ತಿರುವು ತೆಗೆದುಕೊಳ್ಳುವ ಭಂಗಿಯಲ್ಲೂ ನಿಲ್ಲಿಸಬಹುದು. ಆಯಸ್ಕಾಂತಗಳ ಜೋಡಿಯಾದರೆ, ಅಂಟಿಸುವ ಮುಂಚೆ ಎರಡರ ಒಂದೇ ಧ್ರುವದ ಮುಖಕ್ಕೆ ಮಾರ್ಕರ್ ಚುಕ್ಕೆ ಇಡುವುದು ಕಡ್ಡಾಯ. ಒಂದು ತಿರುಗುಮುರುಗಾದರೆ ವಿಮಾನ ಕಡ್ಡಿಯನ್ನು ಕಂಡೊಡನೆ ಮುಖ ತಿರುಗಿಸುತ್ತದೆ. ಮಕ್ಕಳಿರುವ ಮನೆಯಲ್ಲಿ ಈ ಚೂರುಗಳನ್ನು ಎಲ್ಲೆಂದರಲ್ಲಿ ಬಿಡುವಂತಿಲ್ಲ: ಎರಡು ನುಂಗಿದರೆ ಕರುಳಿನ ಗೋಡೆಯನ್ನು ನಡುವೆ ಹಿಡಿದು ಒಂದನ್ನೊಂದು ಸೆಳೆಯುತ್ತವೆ, ಶಸ್ತ್ರಚಿಕಿತ್ಸೆಯ ತನಕ ಹೋಗುತ್ತದೆ.

ಕೆಲವು ಆಟಗಳಲ್ಲಿ ಸ್ಟ್ಯಾಂಡ್ ಬರೀ ಆಸರೆಯಲ್ಲ, ನಿಯಮದ ಭಾಗ. ಇಟಲಿಯ ಆಂಜೊಲಿನೊ ಮತ್ತು ಪಾಲ್ಯಾ ಜೋಡಿ ರೂಪಿಸಿದ, ಈಗ ‘ವಿಂಗ್ಸ್ ಆಫ್ ಗ್ಲೋರಿ’ ಎಂಬ ಹೆಸರಿನಲ್ಲಿರುವ ಆಟದಲ್ಲಿ ಎತ್ತರಕ್ಕೇರಿದಂತೆ ಅಡಿಗೆ ಒಂದೊಂದೇ ತುಂಡು ಸೇರಿಸುತ್ತ ಹೋಗುತ್ತಾರೆ. 2012ರ ‘ಎಕ್ಸ್-ವಿಂಗ್’ನಲ್ಲಿ ಚಲನೆಯ ಪಟ್ಟಿಯನ್ನು ಬುಡದ ಮುಂದಿನ ಎರಡು ಗುಬುಟುಗಳ ನಡುವೆ ಇಟ್ಟು ನೌಕೆಯನ್ನು ಸಾಗಿಸುತ್ತಾರೆ. ನೌಕೆಗಳು ತಾಗುವಂತಿದ್ದರೆ ಕಡ್ಡಿಯ ತುಂಡು ಸೇರಿಸಿ ಎತ್ತರಿಸಲು ನಿಯಮದ ಒಪ್ಪಿಗೆಯಿದೆ, ಲೆಕ್ಕಕ್ಕೆ ಬರುವುದು ಬುಡವೇ. ಎಲ್ಲಕ್ಕಿಂತ ಜಾಣತನದ್ದು ವಾರ್‌ಲಾರ್ಡ್‌ನ 2018ರ ‘ಬ್ಲಡ್ ರೆಡ್ ಸ್ಕೈಸ್’. ಅದರ ಸ್ಟ್ಯಾಂಡ್ ಮೇಲೆ ವಿಮಾನದ ಮೂತಿ ಮೇಲಿದ್ದರೆ ಕೈಮೇಲು, ಸಮವಾಗಿದ್ದರೆ ಮಾಮೂಲು, ಕೆಳಗಿದ್ದರೆ ಆಪತ್ತು. ಬರೆದವರು ಆಂಡಿ ಚೇಂಬರ್ಸ್, ಕಡ್ಡಿ ಮುರಿಸುವುದರಲ್ಲಿ ಹೆಸರಾದ ‘ಬ್ಯಾಟಲ್‌ಫ್ಲೀಟ್ ಗಾಥಿಕ್’ನ ಹಿಂದಿದ್ದವರೂ ಅವರೇ.

ಕಡ್ಡಿಯ ಗೊಡವೆಯೇ ಬೇಡವೆನ್ನುವ ಇನ್ನೊಂದು ಬಣವಿದೆ. ಇವರ ಡ್ರ್ಯಾಗನ್ ಬಾಲದ ತುದಿಯನ್ನಷ್ಟೇ ಬೆಂಡಿನ ಬಂಡೆಗೆ ತಾಗಿಸಿ ಹಾರುತ್ತಿರುತ್ತದೆ, ಒಳಗೆ ಬಂಡೆಯಿಂದ ಬಾಲದ ತನಕ ದಪ್ಪ ತಂತಿ ಓಡಿರುತ್ತದೆ. ರಾಕೆಟ್ಟಿನ ಅಡಿಯ ತಂತಿಗೆ ಹತ್ತಿ ಸುತ್ತಿ, ಬುಡದಲ್ಲಿ ಕಿತ್ತಳೆ, ಮೇಲೆ ಬೂದುಬಣ್ಣ ಹಚ್ಚಿದರೆ ಹೊಗೆ. ನೋಡಲು ಇವೇ ಚೆಂದ, ಆದರೆ ಪೆಟ್ಟಿಗೆಯಲ್ಲಿ ಒಯ್ಯುವುದು ತಲೆನೋವು. ಇವರೂ ಕೈ ಹಚ್ಚದ ಭಾಗವೆಂದರೆ ಬಿಲ್ಲೆಯ ಅಗಲ. ಎಷ್ಟೋ ಆಟಗಳಲ್ಲಿ ಹಾರುವ ಬೊಂಬೆಯ ದೂರವನ್ನು ಅಳೆಯುವುದು ಅಲ್ಲಿಂದಲೇ, ಅದು ಹೆಚ್ಚುಕಡಿಮೆಯಾದರೆ ಎದುರಾಳಿ ಅಳತೆಪಟ್ಟಿ ಹಿಡಿದು ತಕರಾರು ತೆಗೆಯುತ್ತಾನೆ.