ವಿದ್ವಾಂಸನ ಸ್ವಾಸ್ಥ್ಯ: ಫಿಚಿನೊನ ಚಿಂತನೆ

ಪುನರುಜ್ಜೀವನ ಕಾಲದ ಇಟಲಿಯಲ್ಲಿ ವೈದ್ಯ, ಜ್ಯೋತಿಷ, ತತ್ತ್ವಶಾಸ್ತ್ರಗಳು ಪರಸ್ಪರ ದೂರವಾದ ಶಾಸ್ತ್ರಗಳಾಗಿರಲಿಲ್ಲ. ಫ್ಲಾರೆನ್ಸಿನ ಮಾರ್ಸಿಲಿಯೊ ಫಿಚಿನೊ (1433–1499) ಇದಕ್ಕೆ ಉತ್ತಮ ನಿದರ್ಶನ. ವೈದ್ಯನ ಮಗನಾದ ಈತ ಪ್ಲೇಟೋವಿನ ಸಮಗ್ರ ಕೃತಿಗಳನ್ನು ಲ್ಯಾಟಿನ್ನಿಗೆ ಅನುವಾದಿಸಿದನು. 1473ರಲ್ಲಿ ಪಾದ್ರಿಯ ದೀಕ್ಷೆಯನ್ನೂ ಪಡೆದನು. 1489ರಲ್ಲಿ ಅಚ್ಚಾದ ಆತನ ‘ಡಿ ವೀಟಾ’ ಮೂರು ಭಾಗಗಳ ಗ್ರಂಥ. ವಿದ್ವಾಂಸರ ಆರೋಗ್ಯ, ದೀರ್ಘಾಯುಷ್ಯ, ಆಕಾಶಕಾಯಗಳಿಂದ ಜೀವಶಕ್ತಿಯನ್ನು ಪಡೆಯುವ ಬಗೆ – ಇವು ಕ್ರಮವಾಗಿ ಅವುಗಳ ವಸ್ತು.

ಗ್ರೀಕ್ ವೈದ್ಯಪರಂಪರೆಯಂತೆ ದೇಹದಲ್ಲಿ ರಕ್ತ, ಕಫ, ಹಳದಿ ಪಿತ್ತ, ಕಪ್ಪು ಪಿತ್ತ ಎಂಬ ನಾಲ್ಕು ರಸಗಳಿವೆ. ಇಲ್ಲಿನ ಕಪ್ಪು ಪಿತ್ತವನ್ನು ಆಯುರ್ವೇದದ ಪಿತ್ತದೋಷದೊಡನೆ ಸಮೀಕರಿಸಲಾಗದು. ಇದು ಹೆಚ್ಚಿದರೆ ವಿಷಾದರೋಗ ತಲೆದೋರುವುದೆಂದು ವೈದ್ಯರು ಹೇಳುತ್ತಿದ್ದರು. ಆದರೆ ಅರಿಸ್ಟಾಟಲನ ಹೆಸರಿನಲ್ಲಿ ಬಂದ ‘ಪ್ರಾಬ್ಲೆಮಟ’ ಎಂಬ ಗ್ರಂಥವು ಅಸಾಧಾರಣ ಪ್ರತಿಭಾವಂತರೆಲ್ಲ ಏಕೆ ಈ ಪ್ರಕೃತಿಯವರೇ ಆಗಿರುತ್ತಾರೆ ಎಂಬ ಪ್ರಶ್ನೆಯನ್ನೆತ್ತಿತ್ತು. ಫಿಚಿನೊ ಇವೆರಡನ್ನೂ ಒಂದೆಡೆ ತಂದನು. ಮಿತವಾಗಿದ್ದರೆ ಕಪ್ಪು ಪಿತ್ತವು ಏಕಾಗ್ರ ಚಿಂತನೆಗೆ ಆಧಾರ; ಕೆರಳಿದರೆ ಬುದ್ಧಿಭ್ರಮಣೆಗೆ ಕಾರಣ.

ಈ ರಸಕ್ಕೆ ಅಧಿಪತಿ ಶನಿ. ಫಿಚಿನೊನ ಜಾತಕದಲ್ಲಿ ಲಗ್ನವು ಕುಂಭ, ಶನಿಯೂ ಅಲ್ಲಿಯೇ. ತನ್ನ ವಿಷಾದಕ್ಕೆ ಶನಿಯೇ ಕಾರಣವೆಂದು ಆತ ಮಿತ್ರನಾದ ಜೊವಾನ್ನಿ ಕವಲ್ಕಾಂತಿಗೆ ಬರೆದು ಕೊರಗಿದನು. ವಿದ್ವತ್ತೂ ಅದೇ ಶನಿಯ ಕೊಡುಗೆಯಲ್ಲವೇ ಎಂದು ಮಿತ್ರನು ಎಚ್ಚರಿಸಿದಾಗ ತನ್ನ ಪ್ರಕೃತಿಯನ್ನು ದೈವದತ್ತವೆಂದು ಒಪ್ಪಿಕೊಳ್ಳಲು ಸಿದ್ಧನಾದನು. ಹೀಗೆ ‘ಡಿ ವೀಟಾ’ದ ಹಿಂದೆ ಶಾಸ್ತ್ರಜ್ಞಾನದಷ್ಟೇ ಸ್ವಾನುಭವವೂ ಇದೆ.

ದೇಹಾತ್ಮಗಳನ್ನು ಬೆಸೆಯುವುದು ರಕ್ತದಿಂದ ಉತ್ಪನ್ನವಾಗುವ ‘ಸ್ಪಿರಿಟಸ್’ ಎಂಬ ಸೂಕ್ಷ್ಮ ಆವಿ. ಸತತ ಅಧ್ಯಯನದಿಂದ ಇದು ಕ್ಷಯಿಸಿ, ಮಿದುಳು ಶುಷ್ಕವಾಗುತ್ತದೆಂಬುದು ಆತನ ವಿವರಣೆ. ಇತರ ಕುಶಲಕರ್ಮಿಗಳು ತಮ್ಮ ಉಪಕರಣಗಳನ್ನು ಜೋಪಾನ ಮಾಡುವಾಗ ವಿದ್ವಾಂಸನು ಮಾತ್ರ ತನ್ನ ಉಪಕರಣವಾದ ಇದನ್ನು ಕಡೆಗಣಿಸುವನೆಂದು ಆತ ವಿಷಾದಿಸುತ್ತಾನೆ. ಇರುಳಿನ ಓದನ್ನು ಬಿಟ್ಟು ಬೆಳಗಿನಲ್ಲಿ ಓದುವುದು, ಮಿತಾಹಾರ, ದಾಲ್ಚಿನ್ನಿ ಕೇಸರಿಗಳಂಥ ಸುಗಂಧದ್ರವ್ಯ, ತಂತಿವಾದ್ಯದ ಸಂಗೀತ ಇವು ಆತ ಸೂಚಿಸುವ ಪರಿಹಾರಗಳು. ಸೂರ್ಯ, ಗುರು, ಶುಕ್ರರ ಗುಣವುಳ್ಳ ವಸ್ತುಗಳು ಶನಿಯ ಶೈತ್ಯವನ್ನು ತಗ್ಗಿಸುತ್ತವೆಂಬುದು ಇವುಗಳ ಹಿಂದಿನ ತರ್ಕ. ಮೂರನೆಯ ಭಾಗದಲ್ಲಿ ಗ್ರಹಬಿಂಬಗಳ ಪ್ರಸ್ತಾಪವಿದ್ದುದರಿಂದ 1490ರಲ್ಲಿ ಪೋಪರ ಆಸ್ಥಾನದಲ್ಲಿ ಮಾಂತ್ರಿಕತೆಯ ಆರೋಪವನ್ನು ಎದುರಿಸಬೇಕಾಯಿತಾದರೂ ಆತ ಅದರಿಂದ ಪಾರಾದನು.

ಕಪ್ಪು ಪಿತ್ತವನ್ನಾಗಲಿ ಶನಿಪ್ರಭಾವವನ್ನಾಗಲಿ ಇಂದಿನ ವೈದ್ಯವಿಜ್ಞಾನ ಒಪ್ಪುವುದಿಲ್ಲ. ಆದರೂ ಚಿಂತನೆಗೆ ದೇಹವು ತೆರುವ ಬೆಲೆಯನ್ನು ಗುರುತಿಸಿ, ವಿದ್ವಾಂಸನ ಸ್ವಾಸ್ಥ್ಯರಕ್ಷಣೆಯನ್ನು ವಿದ್ವತ್ತಿನ ಅಂಗವೆಂದೇ ಪರಿಗಣಿಸಿದುದು ಫಿಚಿನೊನ ಹಿರಿಮೆ.