ಮೊಬೈಲಿಗೆ ಫೋಟೋ ಹೇಗೆ ಬರುತ್ತದೆ?

ನಮ್ಮಕ್ಕ ಇಂಜಿನಿಯರಿಂಗ್ ಓದುತ್ತಾಳೆ. ಹೋದ ಸಲ ಕಂಪ್ಯೂಟರ್ ನೆಟ್‌ವರ್ಕ್ ಎಂಬ ವಿಷಯದಲ್ಲಿ ಫೇಲಾದಳು. ಅಪ್ಪ ಅವಳ ಹತ್ತಿರ ಸರಿಯಾಗಿ ಮಾತಾಡುತ್ತಿರಲಿಲ್ಲ. ರಜೆಗೆ ಬಂದಾಗ ಅಕ್ಕ, "ನಿನಗೆ ಅರ್ಥ ಆಗೋ ಹಾಗೆ ಹೇಳಿದ್ರೆ ನನಗೆ ಬಂದ ಹಾಗೇ" ಎಂದು ನನ್ನನ್ನು ಕೂರಿಸಿಕೊಂಡಳು.

ಗೆಳೆಯರೇ, ಮೊಬೈಲಿಗೆ ಬರುವ ಫೋಟೋ ಇಡಿಯಾಗಿ ಬರುವುದಿಲ್ಲ, ಚೂರು ಚೂರಾಗಿ ಬರುತ್ತದೆ! ಒಂದು ಚೂರಿಗೆ ಪ್ಯಾಕೆಟ್ ಅಂತಾರೆ. ಸಾಮಾನ್ಯವಾಗಿ ಅದು 1500 ಬೈಟ್ ಮೀರುವುದಿಲ್ಲ. ಅದರ ಮೇಲೆ ಕಳಿಸಿದವರ ವಿಳಾಸ, ಸೇರುವವರ ವಿಳಾಸ, ಅದು ಎಷ್ಟನೆಯದು ಎಂಬ ಲೆಕ್ಕ ಇರುತ್ತದೆ. ದಾರಿಯಲ್ಲಿ ರೂಟರ್ ಎಂಬ ಯಂತ್ರಗಳು ವಿಳಾಸ ನೋಡಿ ಮುಂದಕ್ಕೆ ದಾಟಿಸುತ್ತವೆ.

ಅಕ್ಕ ಒಂದು ಕಾಗದ ಬರೆದು 6 ಚೀಟಿ ಮಾಡಿ ನಂಬರ್ ಹಾಕಿದಳು. ನಾನು ಜಗಲಿಯಲ್ಲಿ ಕೂತೆ. ತಮ್ಮ ಹಿತ್ತಲಿನಿಂದ, ಪಕ್ಕದ ಮನೆ ಹುಡುಗಿ ಬೀದಿಯಿಂದ ಚೀಟಿ ತಂದರು. ಮೊದಲು 6 ಬಂತು, ಆಮೇಲೆ 2. ಬಂದದ್ದಕ್ಕೆಲ್ಲ ನಾನು "ಬಂತು" ಅಂತ ಹೇಳಿ ಕಳಿಸಬೇಕು. 5 ಬರಲೇ ಇಲ್ಲ. ತಮ್ಮ ಚರಂಡಿಗೆ ಬೀಳಿಸಿದ್ದ! ಸ್ವಲ್ಪ ಹೊತ್ತು ಕಾದು ಅಕ್ಕ ಅದೊಂದನ್ನೇ ಮತ್ತೆ ಬರೆದು ಕಳಿಸಿದಳು. ಈ ನಿಯಮಕ್ಕೆ ಟಿಸಿಪಿ ಎಂದು ಹೆಸರು. ವಿಂಟ್ ಸರ್ಫ್, ಬಾಬ್ ಕಾನ್ ಎಂಬುವರು 1974ರಲ್ಲಿ ಇದನ್ನು ಪ್ರಕಟಿಸಿದರು.

ಇಡೀ ಕಾಗದ ಒಂದೇ ಸಲ ಕಳಿಸಬಾರದಾ ಅಂತ ಕೇಳಿದೆ. ಆಗ ಸ್ವಲ್ಪ ಹಾಳಾದರೂ ಪೂರ್ತಿ ಮತ್ತೆ ಕಳಿಸಬೇಕು, ಅದು ಮುಗಿಯುವ ತನಕ ಬೇರೆಯವರ ಕಾಗದವೆಲ್ಲ ಕಾಯಬೇಕು ಎಂದಳು.

ಚೀಟಿಗಳನ್ನು ಜೋಡಿಸಿದೆ. 'ಅಪ್ಪನಿಗೆ ಹೇಳು ಈ ಸಲ ಪಾಸಾಗ್ತೀನಿ ಅಂತ.' ಗೋಂದು ಹಚ್ಚಿ ಅಂಟಿಸಿ ಅಪ್ಪನಿಗೆ ಕೊಟ್ಟೆ. ಅಪ್ಪ ಓದಿ ಜೇಬಿಗೆ ಹಾಕಿಕೊಂಡರು.