ಕೊಲೆಸ್ಟ್ರಾಲ್ ಕೆಡುವುದು ಎಲ್ಲಿ?

ಇಫ್ತಾರ್‌ಗೆ ಸಮೋಸ ಕರಿದು ಉಳಿದ ಎಣ್ಣೆಯನ್ನು ಸೋಸಿ ಮರುದಿನಕ್ಕೆ ಇಡುವುದು ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮನೆಗಳಲ್ಲೂ ಇದೆ. ಎಣ್ಣೆ ಗಿರಣಿಗಳ ಚಳ್ಳಕೆರೆ ಪಕ್ಕದಲ್ಲೇ ಇದ್ದರೂ ಎಣ್ಣೆ ಅಗ್ಗವಲ್ಲ. ಚೆಲ್ಲಲು ಯಾರಿಗೂ ಮನಸ್ಸು ಬಾರದು.

ಕೊಲೆಸ್ಟ್ರಾಲ್ ವಿಷವೇನಲ್ಲ. ಪ್ರತಿ ಜೀವಕೋಶಕ್ಕೂ ಅದು ಬೇಕು. ಬಹುಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಅದನ್ನು ರಕ್ತದಲ್ಲಿ ಹೊತ್ತೊಯ್ಯುವ ಎಲ್‌ಡಿಎಲ್ ಕಣಗಳು ಹೆಚ್ಚಾದಾಗ ಹೃದಯದ ರಕ್ತನಾಳದ ಒಳಗೋಡೆಗೆ ನುಸುಳಿ ಸಿಕ್ಕಿಕೊಳ್ಳುತ್ತವೆ. ಅಲ್ಲಿ ಅವು ಉತ್ಕರ್ಷಣಗೊಂಡು ಕೆಡುತ್ತವೆ. ಹಳೆಯ ಶೇಂಗಾ ಬೀಜಕ್ಕೆ ಕಮಟು ಹಿಡಿಯುತ್ತದಲ್ಲ, ಅದೂ ಇದೇ ಕ್ರಿಯೆ. ಕೆಟ್ಟದ್ದನ್ನು ತೆಗೆಯಲು ಬಂದ ಬಿಳಿ ರಕ್ತಕಣಗಳು ಅವನ್ನು ನುಂಗಿ ನುಂಗಿ ಉಬ್ಬಿ ಅಲ್ಲೇ ಉಳಿಯುತ್ತವೆ. ವರ್ಷಗಟ್ಟಲೆ ಬೆಳೆದ ಈ ಕೊಬ್ಬಿನ ದಿಬ್ಬ ಒಂದು ದಿನ ಒಡೆದರೆ ಅದರ ಮೇಲೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚುತ್ತದೆ. ಅದೇ ಹೃದಯಾಘಾತ.

ಬೀಡಿ-ಸಿಗರೇಟು ಮತ್ತು ಸಕ್ಕರೆ ಕಾಯಿಲೆ ಇದಕ್ಕೆ ವೇಗ ಕೊಡುತ್ತವೆ. ಪದೇ ಪದೇ ಕಾಯಿಸಿದ ಎಣ್ಣೆ ಬಾಣಲೆಯಲ್ಲೇ ಉತ್ಕರ್ಷಣಗೊಂಡಿರುತ್ತದೆ. ಅದರ ಒಂದಂಶ ರಕ್ತಕ್ಕೂ ಸೇರುತ್ತದೆ. ಕರಿದ ಎಣ್ಣೆಯಲ್ಲಿ ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದರೆ ಬಳಸಬಾರದೆಂಬ ನಿಯಮ 2018ರ ಜುಲೈ 1ರಿಂದ ಜಾರಿಯಲ್ಲಿದೆ. ಮನೆಯಲ್ಲಿ ಅಳೆಯಲಾಗದು. ಕಪ್ಪಾಗಿ, ಅಂಟಾಗಿ, ನೊರೆ ಬರುತ್ತಿದ್ದರೆ ಬಿಸಾಡಿ. ಮೊದಲೇ ಸಣ್ಣ ಬಾಣಲೆ ಇಟ್ಟರೆ ಉಳಿಯುವುದೂ ಕಡಿಮೆ.

ವಿಟಮಿನ್ ಇ ಮಾತ್ರೆ ನುಂಗಿದರೆ ಸಾಕು ಎನ್ನುವವರಿದ್ದಾರೆ. 2000ದಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಅದು ಹೃದಯಾಘಾತವನ್ನು ತಡೆಯಲಿಲ್ಲ. ವೈದ್ಯರು ಬರೆದುಕೊಟ್ಟ ಸ್ಟ್ಯಾಟಿನ್ ಮಾತ್ರೆಯನ್ನು ಮಾತ್ರ ನೀವಾಗಿ ನಿಲ್ಲಿಸಬೇಡಿ. ರಕ್ತದಲ್ಲಿ ಎಲ್‌ಡಿಎಲ್ ಇಳಿಸುವುದು ಅದೇ.